ಕುಂಟನ ಒಡತಿ

ಊರಿನ ಅರ್ಧ ಮಕ್ಕಳು ಅವಳನ್ನು ವ್ಯಾನಕ್ಕ ಅಂತಲೇ ಕರೆಯುತ್ತಿದ್ದರು. ಬೆಳಿಗ್ಗೆ ಏಳೂವರೆಗೆ ಶಾಲೆಯ ವ್ಯಾನಿನಲ್ಲಿ ಹದಿನಾರು ಮಕ್ಕಳನ್ನು ತುರುಕಿಕೊಂಡು ಹೊರಡುವ ಈ ಹೆಂಗಸು, ಅದಕ್ಕೂ ಮೊದಲು ಎರಡು ಗಂಟೆ ಕುದುರೆಯ ಬೆನ್ನ ಮೇಲೆ ಕಳೆದು ಬಂದಿರುತ್ತಾಳೆ ಎಂದರೆ ನಂಬುವವರಿರಲಿಲ್ಲ. ಮುಂದಿನ ಸೀಟಿನ ಪುಟ್ಟ ಹುಡುಗಿಗೆ ಮಾತ್ರ ಗುಟ್ಟು ಗೊತ್ತಾಗಿತ್ತು. "ವ್ಯಾನಕ್ಕಾ, ನಿಮ್ಮ ಹತ್ರ ಲದ್ದಿ ವಾಸನೆ!" ಅಂತ ಮೂಗು ಮುಚ್ಚಿಕೊಳ್ಳುತ್ತಿದ್ದಳು. "ನಿನ್ನ ಊಟದ ಡಬ್ಬಿಗಿಂತ ವಾಸಿ ಬಿಡೇ" ಎಂದು ಇವಳು ಗೇರು ಬದಲಿಸುತ್ತಿದ್ದಳು.

ಅವಳ ಅಪ್ಪ ಊರಾಚೆಯ ಸವಾರಿ ಕ್ಲಬ್ಬಿನ ಲಾಯದಲ್ಲಿ ಮೂವತ್ತೆಂಟು ವರ್ಷ ದುಡಿದ ಮೇಸ್ತ್ರಿ. ಅವಳು ಬೆಳೆದದ್ದೇ ಅಲ್ಲಿ, ಹುಲ್ಲಿನ ಪಿಂಡಿಗಳ ನಡುವೆ. ಕ್ಲಬ್ಬಿನ ಸದಸ್ಯರು ಬರುವ ಹೊತ್ತಿಗೆ ಕುದುರೆಗಳ ಪುಂಡಾಟ ಇಳಿದಿರಬೇಕಿತ್ತು. ಅದಕ್ಕಾಗಿ ದಿನಾ ಮುಂಜಾನೆ ಯಾರಾದರೂ ಅವನ್ನು ಓಡಿಸಿ ಹದಕ್ಕೆ ತರಬೇಕು. ಆ ಕೆಲಸ ಹನ್ನೆರಡು ವರ್ಷ ಅವಳದಾಗಿತ್ತು. ಒದೆಯುವ ಕುದುರೆ ಮೊದಲು ಅವಳನ್ನು ಒದೆಯಬೇಕು, ಬೀಳಿಸುವ ಕುದುರೆ ಮೊದಲು ಅವಳನ್ನು ಬೀಳಿಸಬೇಕು. ಎಲ್ಲ ಸರಿಹೋದ ಮೇಲೆ ಇಸ್ತ್ರಿ ಹಾಕಿದ ಕೋಟು ತೊಟ್ಟವರು ಬಂದು ಹತ್ತಬೇಕು. ಪದಕ ಬಂದ ದಿನ ಫೋಟೊ ತೆಗೆಯುವಾಗ "ಸ್ವಲ್ಪ ಆ ಕಡೆ ನಿಲ್ಲಮ್ಮ" ಅಂತ ಅವಳಿಗೆ ಹೇಳುತ್ತಿದ್ದರು. ಬಕೆಟ್ಟು ಹಿಡಿದುಕೊಂಡು ಅವಳು ಆ ಕಡೆ ನಿಲ್ಲುತ್ತಿದ್ದಳು.

ಆದರೂ ಕಲಿತದ್ದು ಕಲಿತದ್ದೇ. ಅವಳ ಪ್ರಾಣವಿದ್ದದ್ದು ಡ್ರೆಸಾಜಿನಲ್ಲಿ. ಓಟದ ಪಂದ್ಯವಲ್ಲ, ಬೇಲಿ ಹಾರಿಸುವುದೂ ಅಲ್ಲ. ಅರವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಅಂಗಳದಲ್ಲಿ ಕುದುರೆ ಸುತ್ತು ಹಾಕಬೇಕು, ಅಡ್ಡಡ್ಡ ನಡೆಯಬೇಕು, ನಿಂತಲ್ಲೇ ತಾಳ ಹಾಕಿದಂತೆ ಹೆಜ್ಜೆ ಎತ್ತಿಡಬೇಕು, ನಾಲ್ಕೂ ಕಾಲು ಸಮನಾಗಿಟ್ಟು ಗೊಂಬೆಯಂತೆ ನಿಲ್ಲಬೇಕು. ಸವಾರಳು ಏನು ಹೇಳಿದಳೆಂದು ನೋಡುವವರಿಗೆ ಗೊತ್ತೇ ಆಗಬಾರದು. ಪ್ರತಿ ನಡೆಗೂ ಹತ್ತರಲ್ಲಿ ಇಷ್ಟು ಅಂತ ಅಂಕ.

ಅಪ್ಪ ನಿವೃತ್ತಿಯಾಗುವ ತಿಂಗಳು, ಕ್ಲಬ್ಬಿನ ಒಂದು ಕಂದು ಕುದುರೆ ಬೇಲಿಗೆ ಸಿಕ್ಕಿಕೊಂಡು ಮುಂಗಾಲಿನ ನರ ಹರಿದುಕೊಂಡಿತು. ಒಂಬತ್ತು ವರ್ಷದ ಗಂಡು, ಹಣೆಯ ಮೇಲೆ ಹೆಬ್ಬೆಟ್ಟಿನಷ್ಟು ಬಿಳಿ ಮಚ್ಚೆ. ಕಾರ್ಯದರ್ಶಿ ಲಾಯದ ಬಾಗಿಲಲ್ಲಿ ಮೂಗಿಗೆ ಕರ್ಚೀಫು ಹಿಡಿದು ನಿಂತು, "ನಾಳೆ ಇಂಜೆಕ್ಷನ್ ಕೊಟ್ಟು ಮುಗಿಸಿಬಿಡಿ" ಎಂದ.

"ನನಗೆ ಕೊಟ್ಟುಬಿಡಿ ಸಾರ್" ಅಂದಳು ಅವಳು.

"ತಗೊಂಡು ಹೋಗು. ನನಗೆ ಇದರ ರಗಳೆ ತಪ್ಪಿದರೆ ಸಾಕು."

"ಏನಾದ್ರೂ ಒಂದು ಕಾಗದ..."

"ಕುಂಟು ಕುದುರೆಗೆ ಎಂಥಾ ಕಾಗದಮ್ಮ!" ಎಂದು ನಗುತ್ತಾ ಹೊರಟುಹೋದ.

ಅಂದಿನಿಂದ ಆ ಕುದುರೆಗೆ ಕುಂಟ ಎಂಬ ಹೆಸರೇ ನಿಂತಿತು. ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಶೆಡ್ಡೊಂದನ್ನು ಅಪ್ಪ ಮಗಳು ಬಾಡಿಗೆಗೆ ಹಿಡಿದರು. ಎಂಟು ತಿಂಗಳು ಕುಂಟನ ಕಾಲಿಗೆ ದಿನಕ್ಕೆ ಮೂರು ಸಲ ತಣ್ಣೀರು, ಪಟ್ಟಿ, ನಿಧಾನವಾಗಿ ನಡೆಸುವುದು. ಬೆನ್ನ ಮೇಲೆ ಜೀನು ಇಡಲು ಒಂದೂವರೆ ವರ್ಷ ಕಾದಳು. ಚಾವಟಿ ಕಂಡರೆ ಅದು ಗೋಡೆಗೆ ಅಂಟಿಕೊಂಡು ನಡುಗುತ್ತಿತ್ತು. ಅವಳು ಚಾವಟಿಯನ್ನೇ ಎಸೆದಳು. ನೆಟ್ಟಗೆ ನಿಲ್ಲುವುದನ್ನು ಕಲಿಸಲಿಕ್ಕೇ ಒಂದು ವರ್ಷ ಹಿಡಿಯಿತು. ಕೆಟ್ಟ ಕಾಲನ್ನು ಯಾವಾಗಲೂ ಒಂದಿಷ್ಟು ಹಿಂದೆ ಇಡುವುದು ಅದರ ಚಾಳಿ. ಕೊನೆಕೊನೆಗೆ ಅವಳು ಉಸಿರು ಬಿಟ್ಟರೆ ಸಾಕು, ಕುಂಟ ನಿಲ್ಲುತ್ತಿತ್ತು.

ಏಳನೆಯ ವರ್ಷ, ಯಾರು ಬೇಕಾದರೂ ಬರಬಹುದಾದ ಒಂದು ಸ್ಪರ್ಧೆ ನಡೆಯಿತು. ಎರವಲು ಕೋಟು ತೊಟ್ಟು ಹೋದಳು. ಕುಂಟನಿಗೆ ನೂರಕ್ಕೆ ಎಪ್ಪತ್ತೆರಡು ಬಂತು, ಮೊದಲ ಸ್ಥಾನ. ಎರಡನೆಯ ಸ್ಥಾನ ಕ್ಲಬ್ಬಿನ ಅಧ್ಯಕ್ಷರ ಮಗಳ ವಿದೇಶಿ ಕುದುರೆಗೆ. ಈ ಸಲ ಫೋಟೊದಲ್ಲಿ ಅವಳು ನಡುವೆ ನಿಂತಿದ್ದಳು, ಪತ್ರಿಕೆಯಲ್ಲಿ ಬಂತು.

ಹತ್ತು ದಿನಕ್ಕೆ ರಿಜಿಸ್ಟರ್ಡ್ ಪತ್ರ ಬಂತು. ಹಣೆಯ ಬಿಳಿ ಮಚ್ಚೆಯಿಂದ ಕುದುರೆಯನ್ನು ಗುರುತಿಸಲಾಗಿದೆಯೆಂದೂ, ಅದು ಕ್ಲಬ್ಬಿನ ಸ್ವತ್ತೆಂದೂ, ಹದಿನೈದು ದಿನದೊಳಗೆ ಒಪ್ಪಿಸತಕ್ಕದ್ದೆಂದೂ ಬರೆದಿತ್ತು. ಕೆಳಗೆ ಒಂದು ಸಾಲು: "ಇದುವರೆಗೆ ನೀಡಿದ ಪಾಲನೆಗಾಗಿ ಕೃತಜ್ಞತೆಗಳು."

ಮೊದಲ ಸಾಲುಗಳಿಗಿಂತ ಈ ಕೊನೆಯ ಸಾಲೇ ಅವಳ ಮೈಗೆ ಬೆಂಕಿ ಹಚ್ಚಿತು. "ಪಾಲನೆಯಂತೆ! ನಾನೇನು ಇವರ ಮನೆ ಬೆಕ್ಕಿಗೆ ಹಾಲಿಟ್ಟಿದ್ದೀನಾ?" ಎಂದು ಶೆಡ್ಡಿನ ತಗಡು ಅದುರುವಂತೆ ಕೂಗಿದಳು. ಅಪ್ಪ ತಲೆ ಮೇಲೆ ಕೈ ಹೊತ್ತು ಕೂತ. "ದೊಡ್ಡವರ ಸಹವಾಸ ಮಗಳೇ. ಕೊಟ್ಟುಬಿಡೋಣ."

"ಸಾಯೋಕೆ ಬಿಟ್ಟಾಗ ಅವರದಲ್ಲ, ಗೆದ್ದಾಗ ಅವರದಾ? ನೀನು ಮೂವತ್ತೆಂಟು ವರ್ಷ ಬಗ್ಗಿದ್ದು ಸಾಕಪ್ಪ."

ಅಂದು ಕುದುರೆಯನ್ನು ಪರೀಕ್ಷಿಸಿದ ಪಶುವೈದ್ಯರು ಈಗ ನಿವೃತ್ತರಾಗಿ ತಮ್ಮ ಮನೆಯಲ್ಲೇ ಇದ್ದರು, ಕಿವಿ ಸ್ವಲ್ಪ ಮಂದ. ಕಾರ್ಯದರ್ಶಿ ಬಾಯಿಮಾತಿನಲ್ಲೇ ಕುದುರೆ ಕೊಟ್ಟದ್ದಕ್ಕೆ ಅವರಾದರೂ ಸಾಕ್ಷಿ ಹೇಳಿಯಾರು ಅಂತ ಅವಳು ಅವರ ಮನೆಗೆ ಹೋದಳು. ಡಾಕ್ಟರು ಪತ್ರವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿದರು.

"ನಿನ್ನ ಕುದುರೆ ಸತ್ತು ಏಳು ವರ್ಷ ಆಯ್ತಲ್ಲಮ್ಮ."

"ಏನಂದ್ರಿ ಡಾಕ್ಟ್ರೇ?"

ಅವರು ಬೀರುವಿನ ಅಡಿಯಿಂದ ಒಂದು ಹಳೆಯ ಕಡತ ತೆಗೆದರು. ಅದರಲ್ಲಿದ್ದ ಮರಣಪತ್ರದ ಕಾರ್ಬನ್ ಪ್ರತಿಯಲ್ಲಿ ಎಲ್ಲ ಇತ್ತು: ಕಂದು ಗಂಡು ಕುದುರೆ, ಹಣೆಯಲ್ಲಿ ಬಿಳಿ ಮಚ್ಚೆ, ಇಂಥ ದಿನ ಇಂಜೆಕ್ಷನ್ ಕೊಟ್ಟು ಕೊಲ್ಲಲಾಯಿತು, ಹೂಳಲಾಯಿತು. ಕಾರ್ಯದರ್ಶಿಯ ಸಹಿ, ಕ್ಲಬ್ಬಿನ ಮೊಹರು. ಅದನ್ನು ತೋರಿಸಿಯೇ ಕ್ಲಬ್ಬು ವಿಮೆ ಪಡೆದಿತ್ತು. ಪಕ್ಕದಲ್ಲಿ ಡಾಕ್ಟರ ಸಹಿ.

"ಸಹಿ ನನ್ನದೇ" ಎಂದರು ಅವರು, ಅವಳ ಮುಖ ನೋಡದೆ. "ಆ ಕಾರ್ಯದರ್ಶಿ ಖಾಲಿ ಫಾರಮ್ಮಿಗೆ ಹಾಕಿಸಿಕೊಂಡಿದ್ದ. ಆಮೇಲೆ ಪ್ರತಿ ನೋಡಿದಾಗ ಗೊತ್ತಾಯ್ತು. ಸುಮ್ಮನಿದ್ದೆ."

"ಏಳು ವರ್ಷ ಸುಮ್ಮನಿದ್ರಾ? ವರ್ಷಕ್ಕೆರಡು ಸಲ ಬಂದು ಅದರ ಕಾಲು ನೋಡಿ ಹೋಗ್ತಿದ್ರಲ್ಲ!"

ಡಾಕ್ಟರು ಕಡತದಿಂದ ಆ ಹಾಳೆ ಬಿಡಿಸಿದರು. ಪ್ರತಿಯನ್ನು ಅವಳ ಕೈಗೆ ಕೊಟ್ಟರು. ಅವಳು ಥ್ಯಾಂಕ್ಸ್ ಹೇಳದೆ ಎದ್ದು ಬಂದಳು. ಹೇಳಬೇಕು ಅಂತ ಅವಳಿಗೆ ಅನಿಸಲೂ ಇಲ್ಲ.

ಕ್ಲಬ್ಬಿನ ಸಮಿತಿ ಕೋಣೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಮೊದಲೆಲ್ಲ ಬಾಗಿಲ ಹೊರಗೆ ಚಪ್ಪಲಿ ಪಕ್ಕ ನಿಂತು ಮಾತಾಡಿದ್ದಷ್ಟೇ. ಉದ್ದನೆಯ ಮೇಜು, ಗೋಡೆ ತುಂಬ ಪದಕಗಳು. ಅವನ್ನು ಗೆದ್ದ ಅರ್ಧದಷ್ಟು ಕುದುರೆಗಳ ಬೆನ್ನು ಅವಳಿಗೆ ಪರಿಚಯ. ಅಧ್ಯಕ್ಷರು ನಡುವೆ, ಕಾರ್ಯದರ್ಶಿ ಪಕ್ಕದಲ್ಲಿ. ಕೂತುಕೊಳ್ಳಿ ಅಂತ ಯಾರೂ ಅನ್ನಲಿಲ್ಲ. ಅವಳೇ ಕುರ್ಚಿ ಎಳೆದು ಕೂತಳು.

"ಏನಮ್ಮ, ಕುದುರೆ ಯಾವಾಗ ತರ್ತೀಯ?" ಎಂದ ಕಾರ್ಯದರ್ಶಿ.

"ಯಾವ ಕುದುರೆ ಸಾರ್?"

"ನಾಟಕ ಆಡಬೇಡ. ಬಿಳಿ ಮಚ್ಚೆಯದು. ಅದು ಕ್ಲಬ್ಬಿನ ಕುದುರೆ ಅನ್ನೋದಕ್ಕೆ ನಮ್ಮ ದಫ್ತರದಲ್ಲಿ ದಾಖಲೆ ಇದೆ."

"ನಿಮ್ಮ ದಫ್ತರದ ದಾಖಲೆ ನನ್ನ ಹತ್ರಾನೂ ಇದೆ" ಎಂದು ಅವಳು ಪ್ರತಿಯನ್ನು ಅಧ್ಯಕ್ಷರ ಮುಂದೆ ಸರಿಸಿದಳು. "ನಿಮ್ಮ ಕುದುರೆಯನ್ನು ನೀವೇ ಕೊಂದು ಹೂತಿದ್ದೀರಿ. ಬೇಕಿದ್ರೆ ಅಗೆದು ತಗೊಳ್ಳಿ. ನನ್ನ ಕುದುರೆ ಬದುಕಿದೆ."

ಅಧ್ಯಕ್ಷರು ಓದಿದರು. ಓದುತ್ತಾ ಓದುತ್ತಾ ಅವರ ಕಿವಿ ಕೆಂಪಾಯಿತು. ಕಾರ್ಯದರ್ಶಿ ನೀರಿನ ಲೋಟ ಎತ್ತಿದ, ಕುಡಿಯದೆ ಇಟ್ಟ. ಆಮೇಲೆ ಧ್ವನಿಗಳೆಲ್ಲ ಒಮ್ಮೆಲೇ ಮೆತ್ತಗಾದವು. ನೀನು ಹೋಗಿ ನೀವು ಬಂತು. "ನೋಡಿ, ಇದನ್ನು ದೊಡ್ಡದು ಮಾಡೋದು ಬೇಡ. ಕುದುರೆ ನಿಮ್ಮ ಹತ್ರಾನೇ ಇರಲಿ. ನೀವೂ ಸುಮ್ಮನಿರಿ, ನಾವೂ ಸುಮ್ಮನಿರ್ತೀವಿ" ಎಂದರು ಅಧ್ಯಕ್ಷರು.

ಅವಳು ಹೂಂ ಅಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅಪ್ಪನ ಆಸೆಯೂ ಅದೇ ಆಗಿತ್ತು.

"ಇರಲಿ ಅನ್ನೋಕೆ ನೀವ್ಯಾರು? ಕುಂಟ ಬದುಕಿದೆ, ಅದು ನನ್ನದು ಅಂತ ಬರೆದುಕೊಡಿ. ನಮ್ಮಪ್ಪನ ಮುಂದೆ ತಪ್ಪಾಯ್ತು ಅನ್ನಿ."

ಬರೆದುಕೊಡಲಿಲ್ಲ. ಬರೆದುಕೊಟ್ಟರೆ ಸುಳ್ಳನ್ನು ಒಪ್ಪಿಕೊಂಡ ಹಾಗಾಗುತ್ತಿತ್ತಲ್ಲ. ಅವಳು ಅಲ್ಲಿಂದ ನೆಟ್ಟಗೆ, ಸ್ಪರ್ಧೆಗಳನ್ನು ನಡೆಸುವ ರಾಜ್ಯ ಸವಾರಿ ಸಂಘದ ಕಚೇರಿಗೆ ಹೋಗಿ ದೂರು ಕೊಟ್ಟಳು. ವಿಚಾರಣೆ ಶುರುವಾಯಿತು. ಕಾರ್ಯದರ್ಶಿ ಅನಾರೋಗ್ಯದ ಕಾರಣ ಹೇಳಿ ರಾಜೀನಾಮೆ ಕೊಟ್ಟ. ಕ್ಲಬ್ಬಿನವರು ಅವನಿಗೆ ಬೀಳ್ಕೊಡುಗೆ ಸಮಾರಂಭ ಮಾಡಿ, ಬೆಳ್ಳಿಯ ಲಾಳ ಕೊಟ್ಟರು. ಅವಳಿಗೆ ಸಂಘದಿಂದ ಬಂದದ್ದು ಒಂದು ಆದೇಶ: ಗುರುತು ಹಾಗೂ ಒಡೆತನದ ಪ್ರಶ್ನೆ ಇತ್ಯರ್ಥವಾಗುವ ತನಕ ಸದರಿ ಕುದುರೆ ಯಾವ ಸ್ಪರ್ಧೆಯಲ್ಲೂ ಭಾಗವಹಿಸತಕ್ಕದ್ದಲ್ಲ. ಸುಳ್ಳು ಬರೆದವನಿಗೆ ಬೆಳ್ಳಿ, ಬದುಕಿಸಿದವಳಿಗೆ ಮುಚ್ಚಿದ ಬಾಗಿಲು!

ಮೂರು ವರ್ಷವಾಯಿತು, ಇತ್ಯರ್ಥವಾಗಿಲ್ಲ. ಪ್ರತಿ ತಿಂಗಳ ಮೊದಲ ಸೋಮವಾರ, ಮಕ್ಕಳನ್ನು ಶಾಲೆಗಿಳಿಸಿ ಅವಳು ಸಂಘದ ಕಚೇರಿಗೆ ಹೋಗುತ್ತಾಳೆ. ಗುಮಾಸ್ತ ಅವಳನ್ನು ಕಂಡ ಕೂಡಲೇ ಕಡತ ಹುಡುಕುವವನಂತೆ ಒಳಗೆ ಸರಿಯುತ್ತಾನೆ. ಅವಳು ಅವನು ಬರುವ ತನಕ ಕದಲುವುದಿಲ್ಲ. "ನನ್ನ ಕುದುರೆಗೆ ಹತ್ತೊಂಬತ್ತು ನಡೀತಿದೆ. ಅದು ನಿಜವಾಗಿ ಸಾಯಲಿ ಅಂತ ಕಾಯ್ತಿದ್ದೀರಾ?" ಎಂದು ಎಲ್ಲರಿಗೂ ಕೇಳುವಂತೆ ಕೇಳುತ್ತಾಳೆ. ಈಚೆಗೆ ಒಂದು ಎಳೆಯ ಹೆಣ್ಣು ಕುದುರೆಯನ್ನೂ ಕೊಂಡಿದ್ದಾಳೆ. ಅದರ ಕಾಗದಪತ್ರಗಳನ್ನು ಮೂರು ಪ್ರತಿ ಮಾಡಿಸಿ ಮೂರು ಕಡೆ ಇಟ್ಟಿದ್ದಾಳೆ.

ಭಾನುವಾರ ಬೆಳಿಗ್ಗೆ ಮಾತ್ರ ಕುಂಟನ ಸರದಿ. ಎರವಲು ಕೋಟಿನ ಬದಲು ಈಗ ಸ್ವಂತದ್ದು. ಅಪ್ಪ ಅಂಗಳದ ತುದಿಯಲ್ಲಿ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ನೋಟ್‌ಬುಕ್ಕು ಇಟ್ಟುಕೊಂಡು ತೀರ್ಪುಗಾರನಾಗುತ್ತಾನೆ. ಕಳೆದ ಭಾನುವಾರ ಕುಂಟ ಪೂರ್ತಿ ಪರೀಕ್ಷೆ ಮುಗಿಸಿ ಅವನೆದುರು ಬಂದು ನಿಂತಿತು. ಅವಳು ಬಗ್ಗಿ ಅಪ್ಪ ಬರೆದ ಅಂಕ ನೋಡಿದಳು.

"ನಿಂತಿದ್ದಕ್ಕೆ ಆರಾ? ಬರೀ ಆರಾ ಅಪ್ಪ?"

"ಕೆಟ್ಟ ಕಾಲು ಹಿಂದಿದೆ."

"ಹತ್ತೊಂಬತ್ತು ವರ್ಷದ ಕುದುರೆ ಅದು!"

"ವಯಸ್ಸಿಗೆ ಅಂಕ ಕೊಡೋ ನಿಯಮ ಇಲ್ಲ ಕಣೇ" ಎಂದು ಅಪ್ಪ ನೋಟ್‌ಬುಕ್ಕು ಮುಚ್ಚಿದ. ಅವಳು ಸಿಡಿಮಿಡಿಗುಟ್ಟುತ್ತಾ ಲಗಾಮು ಸರಿಮಾಡಿಕೊಂಡು, ಇನ್ನೊಂದು ಸಲ ನಿಲ್ಲಿಸಿ ತೋರಿಸಲು ಕುದುರೆಯನ್ನು ತಿರುಗಿಸಿದಳು.