ರತ್ನತ್ತೆ ಬ್ರೆಡ್ಡು ಮಾಡಿದ ದಿನ

ನಿನ್ನೆ ಪಕ್ಕದ ಮನೆಯವರು ಹೊಸ ಮಷೀನಿನಲ್ಲಿ ಬ್ರೆಡ್ಡು ಮಾಡಿದ್ದರು. ಆ ವಾಸನೆಗೆ ದೇವಲಾಪುರದ ನಮ್ಮ ಅಡುಗೆಮನೆ ನೆನಪಾಯಿತು.

ಅಪ್ಪನ ತಂಗಿ ರತ್ನತ್ತೆ ನಾಗಮಂಗಲಕ್ಕೆ ಹೊಲಿಗೆ ಕಲಿಯಲು ಹೋಗಿ ಬ್ರೆಡ್ಡು ಮಾಡುವುದನ್ನೂ ಕಲಿತು ಬಂದಿದ್ದಳು. ದೊಡ್ಡ ಪಾತ್ರೆಯಲ್ಲಿ ಮರಳು ಕಾಯಿಸಿ, ಉಬ್ಬಿದ ಮೈದಾಹಿಟ್ಟಿನ ಡಬ್ಬಿಯನ್ನು ಅದರೊಳಗಿಟ್ಟು, ಮುಚ್ಚಳದ ಮೇಲೆ ಕೆಂಡ ಹರಡುತ್ತಿದ್ದಳು. ಆಗ ನಮ್ಮೂರಲ್ಲಿ ಬ್ರೆಡ್ಡು ತಿನ್ನುತ್ತಿದ್ದವರು ಜ್ವರ ಬಂದವರು ಮಾತ್ರ.

ತೊಣ್ಣೂರಿನಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ ಒಲೆಯ ಮೇಲೆ ಬ್ರೆಡ್ಡಿತ್ತು. ಗಂಡಿನ ತಾಯಿ ಮೂಗರಳಿಸಿ, "ಮನೇಲಿ ಯಾರ್ಗೆ ಉಸಾರಿಲ್ಲ?" ಎಂದರು.

"ಯಾರ್ಗೂ ಏನಿಲ್ಲ ಕಣವ್ವ. ನಮ್ಮುಡ್ಗಿ ಸುಮ್ನೆ ತಿನ್ನಕ್ಕೆ ಮಾಡವ್ಳೆ" ಎಂದಳು ಅಜ್ಜಿ.

"ಸುಮ್ನೆ ಯಾರಾದ್ರೂ ಬ್ರೆಡ್ಡು ತಿಂತಾರಾ?" ಎಂದ ಆಕೆ ಅತ್ತೆಯ ಕಣ್ಣನ್ನೂ ಉಗುರನ್ನೂ ದಿಟ್ಟಿಸಿದರು. ಕಾಫಿ ಮುಟ್ಟದೆ ಎದ್ದು ಹೋದರು. ಅತ್ತೆ ಆ ಬ್ರೆಡ್ಡನ್ನು ಎಮ್ಮೆಗೆ ಹಾಕಿದಳು.

ವಾರ ಕಳೆದು ಗಂಡಿನ ತಾಯಿ ಹೇಳದೆ ಕೇಳದೆ ಒಬ್ಬರೇ ಬಂದರು. ನೆಟ್ಟಗೆ ಒಲೆಯ ಮುಂದೆ ಕುಳಿತು, "ನನ್ ಮುಂದೇನೆ ಮಾಡು" ಎಂದರು. ಹಿಟ್ಟು ಕಲಸುವುದರಿಂದ ಹಿಡಿದು ಬೇಯುವವರೆಗೆ ಅತ್ತೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ಬಿಸಿ ತುಂಡೊಂದನ್ನು ನಿಧಾನವಾಗಿ ಅಗಿದು, "ಇಷ್ಟೊತ್ತು ಒಲೆ ಮುಂದೆ ಬೆಂದ್ರೂ ಸುಸ್ತಾಗ್ಲಿಲ್ಲ. ಕಾಯ್ಲೆ ಇಲ್ಲ ಬುಡು" ಎಂದರು.

ಮದುವೆಯಾಯಿತು. ಆ ಗಂಡಿನ ತಾಯಿಗೀಗ ಎಂಬತ್ತು ದಾಟಿದೆ. ಹೋದ ತಿಂಗಳು ಜ್ವರ ಬಂದಾಗ ರತ್ನತ್ತೆ ಹಾಲು, ಬ್ರೆಡ್ಡು ತಂದಿಟ್ಟರೆ ತಟ್ಟೆಯನ್ನು ದೂರ ತಳ್ಳಿದರಂತೆ.

"ಎತ್ತಿಡು ಅತ್ಲಾಗೆ. ನೋಡ್ದೋರು ನಂಗೆ ಕಾಯ್ಲೆ ಅಂದ್ಕೋತಾರೆ."