ಯಾರ ಮಾತು ಕೇಳ್ತೀಯಮ್ಮ?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದಂಡು ಪ್ರದೇಶದ ಆಸ್ಪತ್ರೆಯೊಂದರ ಹಿಂಬದಿಯ ಕೋಣೆಯನ್ನು ವಾಜಿದಾ ಫಿನಾಯಿಲ್ ಹಾಕಿ ಒರೆಸುತ್ತಿದ್ದಾರೆ. ಹೊರಗೆ ಮರದ ಕೆಳಗೆ ಆಗಲೇ ಜನ. ಗುರುವಾರ ಬಂತೆಂದರೆ ಇಲ್ಲಿ ಮನಸ್ಸಿನ ಕಾಯಿಲೆಯ ಡಾಕ್ಟರು ಕೂರುತ್ತಾರೆ. ಬಂದವರೆಲ್ಲ ಸೆರಗನ್ನೋ ಟವೆಲನ್ನೋ ಮುಖಕ್ಕೆ ಒತ್ತಿಕೊಂಡು, ಹಲ್ಲುನೋವಿಗೆ ಬಂದವರ ಹಾಗೆ ನಟಿಸುತ್ತಾರೆ. ಪಕ್ಕದ ಮನೆಯವರು ಕಂಡುಬಿಟ್ಟರೆ ಎಂಬ ದಿಗಿಲು. "ನಾನು ಯಾರ್ ಮುಖಾನೂ ನೋಡಲ್ಲ, ನೆಲಾನೇ ನೋಡ್ತೀನಿ. ಅವ್ರಿಗೂ ಸಮಾಧಾನ, ನೆಲಾನೂ ಚೊಕ್ಕ" ಎಂದು ವಾಜಿದಾ ನಗುತ್ತಾರೆ.

ಫ್ರೇಜರ್ ಟೌನಿನ ಮಸೀದಿ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಇವರ ಮನೆ. ಗಂಡ ಅಕ್ತರ್ ತೀರಿಕೊಂಡ ಮೇಲೆ ಇಲ್ಲಿ ಆಯಾ ಆಗಿ ಸೇರಿದರು. ಮಹಾಯುದ್ಧ ಮುಗಿದು ವರ್ಷವಾದರೂ ರೇಷನ್ ಸಾಲು ಕರಗಿಲ್ಲ. ಕೆಲಸ ಮುಗಿಸಿ ಅಲ್ಲಿ ನಿಂತು ಬಂದ ಮೇಲೇ ಮನೆಯಲ್ಲಿ ಒಲೆ. ಮನೆಯಲ್ಲಿ ದಖನಿ, ಬೀದಿಯಲ್ಲಿ ತಮಿಳು, ಜೋಗುಪಾಳ್ಯದ ಗೆಳತಿಯರಿಂದ ಕನ್ನಡ, ಹಿಂದೆ ದುಡಿದ ದೊರೆಗಳ ಬಂಗಲೆಯಿಂದ ಇಂಗ್ಲಿಷು, ಹೀಗೆ ನಾಲ್ಕು ಭಾಷೆ ಇವರ ನಾಲಿಗೆಯ ಮೇಲಿವೆ. ಕಲ್ಕತ್ತೆ ಕಡೆಯ ಡಾಕ್ಟರಿಗೆ ಇಂಗ್ಲಿಷ್ ಬರುತ್ತದೆ, ಇಲ್ಲಿಯವರ ಮಾತು ಬಾರದು. ಒಮ್ಮೆ "ಆಯಾ, ಈಕೆ ಏನು ಹೇಳುತ್ತಿದ್ದಾಳೆ?" ಎಂದು ಅವರು ಕೇಳಿದ್ದೇ ನೆಪ, ಅಂದಿನಿಂದ ಮಾತು ದಾಟಿಸುವ ಕೆಲಸವೂ ವಾಜಿದಾ ಹೆಗಲೇರಿತು. ಸಂಬಳ ಮಾತ್ರ ಪೊರಕೆ ಹಿಡಿದದ್ದಕ್ಕಷ್ಟೇ.

"ಬೂಬಮ್ಮ, ಜ್ವರ ಬಂದ್ರೆ ಬಾಯಿಗೆ ಕಡ್ಡಿ ಇಟ್ಟು ನೋಡ್ತಾರೆ. ಹುಚ್ಚಿಗೆ ಯಾವ ಕಡ್ಡಿ ಇಡ್ತಾರೆ? ಬರೀ ಮಾತಾಡ್ಸಿ ಹೆಂಗ್ ಹೇಳ್ಬಿಡ್ತಾರೆ?" ಎಂದು ವಾಜಿದಾರನ್ನು ಕೇಳುತ್ತಾರೆ ಕೆ.ಆರ್. ಪುರದಿಂದ ಗಾಡಿ ಕಟ್ಟಿಕೊಂಡು ಬಂದಿರುವ ಬೈಲಪ್ಪ. ಪಕ್ಕದಲ್ಲಿ ಮುದುಡಿ ಕೂತವಳು ಸೊಸೆ ಆಂಜನಮ್ಮ. "ಕತ್ಲಲ್ಲೇ ಎದ್ದು ಬಾವಿ ಕಡೆ ಹೋಗ್ತಾಳೆ. ಹಾರ್ಕೊಂಡ್ರೆ ಯಾರ್ ಹೊಣೆ? ಹುಚ್ಚು ಅಂತ ಡಾಕ್ಟ್ರು ಒಂದ್ ಮಾತು ಅಂದ್ಬಿಡ್ಲಿ, ಅವಳಣ್ಣನ ಮನೇಲಿ ಬಿಟ್ಟು ಮಗನಿಗೆ ಬೇರೆ ಹೆಣ್ ತರ್ತೀವಿ." ಡಾಕ್ಟರ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ, ಆದರೆ ಅವರ ಬಾಯಿಂದಲೇ ಆ ಮಾತು ಬರಬೇಕು! ಜನರ ಲೆಕ್ಕಾಚಾರವೇ ವಿಚಿತ್ರ.

ಒಳಗೆ ಡಾಕ್ಟರು ತಮ್ಮ ಮಾಮೂಲಿ ಪ್ರಶ್ನೆ ಕೇಳುತ್ತಾರೆ: ಎದುರಿಗಿಲ್ಲದವರ ದನಿ ಕಿವಿಗೆ ಬೀಳುತ್ತದೆಯೇ? ಇಂಗ್ಲಿಷಿನಲ್ಲಿ ಅದು ಚುಟುಕು ಪ್ರಶ್ನೆ. ವಾಜಿದಾ ಅಷ್ಟೇ ಚುಟುಕಾಗಿ ಕನ್ನಡಕ್ಕೆ ತರುತ್ತಾರೆ: "ಯಾರ್ದಾದ್ರೂ ಮಾತು ಕೇಳ್ತೀಯಮ್ಮ?"

ಮಾವ ಪಕ್ಕದಲ್ಲೇ ನಿಂತಿದ್ದಾರೆ. ಆಂಜನಮ್ಮ ತಲೆ ತಗ್ಗಿಸಿ, "ಕೇಳ್ತೀನಿ. ಎಲ್ಲಾರ್ ಮಾತೂ ಕೇಳ್ತೀನಿ. ಎದ್ದಾಗಿಂದ ಮಲಗೋವರ್ಗೂ ಕೇಳ್ತಾನೇ ಇರ್ತೀನಿ" ಎನ್ನುತ್ತಾಳೆ. ಅದನ್ನು ಇಂಗ್ಲಿಷಿನಲ್ಲಿ ಕೇಳಿದ ಡಾಕ್ಟರ ಹಣೆ ಗಂಟಿಕ್ಕುತ್ತದೆ. ಆ ದನಿಗಳು ಏನೆನ್ನುತ್ತವೆ, ವಿಚಾರಿಸು ಎನ್ನುತ್ತಾರೆ.

"ನೀರ್ ತಾ ಅಂತಾರೆ, ದನ ಕಟ್ಟು ಅಂತಾರೆ. ಹೇಳಿದ್ದೆಲ್ಲಾ ಮಾಡ್ತೀನಿ. ಮಾವನ್ನೇ ಕೇಳಿ, ಒಂದಿನಾನೂ ಎದುರು ಮಾತಾಡಿಲ್ಲ."

ವಾಜಿದಾ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಪಾಪದ ಹುಡುಗಿ ತಾನು ಒಳ್ಳೆಯ ಸೊಸೆಯೆಂದು ತೋರಿಸಿಕೊಳ್ಳುತ್ತಿದ್ದಾಳೆ. ಅದೇ ಇಲ್ಲಿ ಕಾಯಿಲೆಯ ಲಕ್ಷಣವಾಗಿಬಿಟ್ಟಿದೆ. ತಪ್ಪು ತಮ್ಮದೇ ಎಂದು ಡಾಕ್ಟರಿಗೆ ಹೇಳಿ, ಮತ್ತೆ ಕೇಳುತ್ತಾರೆ: "ಹತ್ರ ಯಾರೂ ಇಲ್ದಾಗ ಯಾರೋ ಕರ್ದಂಗೆ ಆಗುತ್ತಾ?"

ಇಲ್ಲವೆಂದಿದ್ದರೆ ಎಲ್ಲ ಸಲೀಸಾಗುತ್ತಿತ್ತು. ಆಂಜನಮ್ಮ ಸೆರಗು ತಿರುವುತ್ತಾ ಹೇಳುತ್ತಾಳೆ: "ಅವ್ವ ಕರೀತಾಳೆ. 'ಏಳೇ, ನೀರ್ ಸೇದ್ಬೇಕು' ಅಂತಾಳೆ. ಎದ್ದು ಹೋಗ್ತೀನಿ."

"ಅವಳವ್ವ ಸತ್ತು ಆರು ತಿಂಗ್ಳಾಯ್ತು! ನೋಡಿದ್ರಾ?" ಎಂದು ಬೈಲಪ್ಪ ಗೆದ್ದವರಂತೆ ನಿಲ್ಲುತ್ತಾರೆ.

"ಸತ್ತಿದ್ದು ಗೊತ್ತು. ನಾನೇ ನೀರ್ ಹಾಕಿ ಕಳಿಸ್ಕೊಟ್ಟಿದ್ದು" ಎನ್ನುತ್ತಾಳೆ ಆಂಜನಮ್ಮ. ನೀರು ಸೇದಿದ ಮೇಲೆ ಏನು ಮಾಡುತ್ತಾಳೆ ಎಂದು ಡಾಕ್ಟರು ಕೇಳಿಸುತ್ತಾರೆ. "ಮನೆಗ್ ಬರ್ತೀನಿ. ಒಲೆ ಹಚ್ಬೇಕಲ್ಲ."

ಡಾಕ್ಟರು ಪೆನ್ನು ಕೆಳಗಿಡುತ್ತಾರೆ. ಇದು ದುಃಖವೋ ಕಾಯಿಲೆಯೋ ಇವತ್ತೇ ಹೇಳಲಾರೆ, ಬಾವಿಗೆ ಒಬ್ಬಳನ್ನೇ ಬಿಡಬೇಡಿ, ತಿಂಗಳು ಬಿಟ್ಟು ಕರೆದುಕೊಂಡು ಬನ್ನಿ ಎನ್ನುತ್ತಾರೆ. ಬೈಲಪ್ಪ ಸಿಡಿಯುತ್ತಾರೆ: "ಕಾಯ್ಲೆ ಹೆಸ್ರೇ ಗೊತ್ತಿಲ್ದಿದ್ಮೇಲೆ ಇವ್ರೇನ್ ಡಾಕ್ಟ್ರು?" ನ್ಯಾಯವಾದ ಪ್ರಶ್ನೆಯೇ.

"ಹೆಸ್ರು ಇವತ್ತಿಟ್ಟು ನಾಳೆ ಕಿತ್ತಾಕಕ್ಕಾಗಲ್ಲ, ಬೈಲಪ್ಪನೋರೆ. ಒಂದ್ ತಿಂಗ್ಳು ಯಾರಾದ್ರೂ ಜೊತೇಲಿ ಬಿಂದಿಗೆ ಹಿಡ್ಕೊಂಡು ಹೋಗ್ಲಿ" ಎನ್ನುತ್ತಾರೆ ವಾಜಿದಾ. ಬೈಲಪ್ಪ ಗೊಣಗುತ್ತಲೇ ಹೊರಗೆ ಬಂದು ಗಾಡಿಯ ಹುಲ್ಲನ್ನು ಸೊಸೆಗಾಗಿ ಸರಿಮಾಡುತ್ತಾರೆ. "ನಮ್ಮನೆಯೋಳು ಹೋಗ್ತಾಳೆ ಬಿಡಿ. ಮಗನ ವಿಷ್ಯ ಆಮೇಲ್ ನೋಡೋಣ."

ಗಾಡಿ ಹತ್ತುವ ಮುಂಚೆ ಆಂಜನಮ್ಮ ವಾಜಿದಾ ಕೈ ಹಿಡಿಯುತ್ತಾಳೆ. "ಬೂಬಮ್ಮ, ನಂಗೆ ಹುಚ್ಚಾ?"

"ಗೊತ್ತಿಲ್ಲ ತಾಯಿ. ನಂಗೂ ಕೇಳ್ಸುತ್ತೆ."

ಗಾಡಿ ಮರೆಯಾದ ಮೇಲೆ ಮೆಟ್ಟಿಲ ಮೇಲೆ ಕೂತು ವಾಜಿದಾ ತಮ್ಮ ಆ ಮಾತನ್ನು ವಿವರಿಸುತ್ತಾರೆ. ಬೆಳಗಿನ ನಮಾಜಿಗೆ ಏಳುವಾಗ ಬಾಗಿಲಾಚೆ ಅಕ್ತರ್ ಕೆಮ್ಮಿದಂತಾಗುತ್ತದೆ, ಬದುಕಿದ್ದಾಗ ಬೀಡಿ ಸೇದುತ್ತಾ ಕೆಮ್ಮುತ್ತಿದ್ದ ಹಾಗೆಯೇ. ಹಾಗಾದರೆ ಡಾಕ್ಟರಿಗೆ ಯಾಕೆ ಹೇಳಿಲ್ಲ ಎಂದು ಕೇಳಿದರೆ:

"ಅವ್ರು ಒಳ್ಳೇವ್ರು. ಹೇಳಿದ್ರೆ ಔಷ್ದಿ ಕೊಟ್ಬಿಡ್ತಾರೆ" ಎನ್ನುತ್ತಾರೆ ವಾಜಿದಾ. "ಆ ಕೆಮ್ಮು ನಿಂತೋದ್ರೆ, ಮನೇಲಿ ನಾನೊಬ್ಳೇ ಆಗ್ಬಿಡ್ತೀನಲ್ಲ."