ನಿಧಾನ ಕಲಿಯಲು ಹೋದ ಸುಗಂಧಾ

ನನ್ನ ತಮ್ಮನ ಹೆಂಡತಿ ಸುಗಂಧಾ ನಡೆದದ್ದನ್ನು ಅಮದಳ್ಳಿಯಲ್ಲಿ ಯಾರೂ ನೋಡಿಲ್ಲ. ಅವಳು ಓಡುತ್ತಾಳೆ. ತಲೆಯ ಮೇಲೆ ಸಿಂಬೆ, ಅದರ ಮೇಲೆ ಮೀನಿನ ಬುಟ್ಟಿ, ಸೊಂಟ ಅಲ್ಲಾಡದ ಹಾಗೆ ದುಡುದುಡು ಓಟ. ಮೀನು ಕಾಯುವುದಿಲ್ಲವಲ್ಲ. ಬಿಸಿಲು ಏರುವುದರೊಳಗೆ ಬಂಗಡೆ ಗಿರಾಕಿಯ ಅಡುಗೆಮನೆ ಸೇರಬೇಕು, ಇಲ್ಲದಿದ್ದರೆ ಕಿವಿರು ಎತ್ತಿ ನೋಡಿ ಮೂಗು ಮುರಿಯುತ್ತಾರೆ. ಮದುವೆಯಾಗಿ ಬಂದ ವರ್ಷದಿಂದ ಅವಳಿಗೆ ಅದೇ ಕೆಲಸ. ಗುಡಿಗೆ ಹೋದರೂ ಅದೇ ಓಟ, ಸಾವಿನ ಮನೆಗೆ ಹೋದರೂ ಅದೇ ಓಟ. 'ಹೆಣ ಎಲ್ಲಿಗೂ ಓಡಿಹೋಗೂದಿಲ್ಲ, ಮೆಲ್ಲಗೆ ಬಾರೆ' ಎಂದು ನಾನೇ ಎಷ್ಟು ಸಲ ಬೈದಿದ್ದೇನೆ.

ಇಂಥವಳು ಪಂಢರಪುರಕ್ಕೆ ನಡೆಯಲು ಹೊರಟಳು.

ಹರಕೆ ಅವಳದ್ದಲ್ಲ, ನನ್ನ ತಮ್ಮ ರಾಮಾನದು. ಒಂದು ವರ್ಷ ಅವನ ಬೋಟಿನ ಇಂಜಿನ್ ಕೆಟ್ಟು, ಗಾಳಿ ಅವರನ್ನು ದಂಡೆ ಕಾಣದಷ್ಟು ದೂರ ಒಯ್ದಿತ್ತು. ಆಗ ಕೈಮುಗಿದು ಕೂಗಿದನಂತೆ, 'ವಿಠೋಬಾ, ಮನೆ ಮುಟ್ಟಿಸು, ನಿನ್ನ ಬಾಗಿಲಿಗೆ ನಡೆದು ಬರ್ತೆ.' ವಿಠೋಬ ಮುಟ್ಟಿಸಿದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂದ ಹಾಗೆ ಇವನು ಈ ವರ್ಷ ಬಲೆ ಹರಿದಿದೆ, ಮುಂದಿನ ವರ್ಷ ಮನೆ ಹೆಂಚು ಹೊದಿಸಬೇಕು ಅನ್ನುತ್ತಲೇ ಕಾಲ ಕಳೆದ. ಆಮೇಲೆ ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಹೋದವು. ನಾಲಿಗೆ ಸುಧಾರಿಸಿತು, ಆದರೆ ದಿನ ವಾರ ಎಲ್ಲ ತಲೆಯಲ್ಲಿ ಕಲಸಿಹೋಯಿತು. ನೆಟ್ಟಗೆ ನೆನಪಿದ್ದದ್ದು ಒಂದೇ, ಹರಕೆ. ಏಕಾದಶಿ ಬಂತೆಂದರೆ ಗೋಡೆಗೆ ಮುಖ ಹಾಕಿ ಮಗುವಿನ ಹಾಗೆ ಅಳುತ್ತಿದ್ದ. 'ಬಸ್ಸಲ್ಲಿ ಹೋಗಿ ಕೈಮುಗಿದು ಬರೋಣ' ಎಂದರೆ ಬೇಡ. ನಡೆದೇ ಆಗಬೇಕು.

ಅಂಕೋಲೆಯಿಂದ ಪ್ರತಿ ಆಷಾಢಕ್ಕೆ ಒಂದು ದಿಂಡಿ ಹೊರಡುತ್ತದೆ. ಭಜನೆ ಮಾಡುತ್ತ, ಬಾವುಟ ಹಿಡಿದು, ಸಾಲಾಗಿ ಪಂಢರಪುರದವರೆಗೂ ನಡೆಯುವವರು. ಅದರ ಯಜಮಾನ ಬೀರು ಬುವಾ ಹೇಳಿದರು, 'ಹೆಂಡತಿ ಅಂದ್ರೆ ಅರ್ಧ ದೇಹ. ಇವಳು ನಡೆದರೆ ಹರಕೆ ಸಂದ ಹಾಗೇ.' ಸುಗಂಧಾ ಅಲ್ಲೇ ಹೂಂ ಅಂದಳು.

ಹೇಗಿದ್ದಾಳೆ ನೋಡೋಣ ಎಂದು ಬುವಾ ಅವಳನ್ನು ಒಂದು ದಿನ ಅಂಕೋಲೆಯಿಂದ ಅವರ್ಸಾದವರೆಗೆ ಬಾವುಟ ಹಿಡಿದ ನಾಲ್ಕು ಜನರ ಜೊತೆಗೆ ಕರೆದೊಯ್ದರು. ನಾನೂ ಹೋಗಿದ್ದೆ. ದಿಂಡಿಯಲ್ಲಿ ಬಾವುಟದ ಮುಂದೆ ಯಾರೂ ಹೋಗಬಾರದು, ಅದು ನಿಯಮ. ಈ ಮಹರಾಯ್ತಿ ಐದು ಸಲ ಬಾವುಟ ದಾಟಿದಳು, ಐದು ಸಲ ನಾಚಿ ಹಿಂದೆ ಬಂದಳು. ಬೆನ್ನಿನ ಚೀಲ ಹಿಂದಕ್ಕೆ ಎಳೆಯುತ್ತದೆ ಎಂದು ಅದನ್ನೂ ತಲೆಗೇರಿಸಿದಳು. ತಲೆಗೆ ಭಾರ ಬಿದ್ದದ್ದೇ ತಡ, ಕಾಲು ಇನ್ನೂ ಜೋರಾಯಿತು. ಮಧ್ಯಾಹ್ನದ ಹೊತ್ತಿಗೆ ಮೀನಖಂಡ ಹಿಡಿದುಕೊಂಡು ರಸ್ತೆ ಬದಿ ಕೂತುಬಿಟ್ಟಳು.

'ಸುಗಂಧಾಬಾಯಿ, ಒಂದು ಬೆಳಗಿನ ಓಟ ಅಲ್ಲ ಇದು' ಎಂದರು ಬುವಾ. 'ಇನ್ನೂ ಎರಡು ತಿಂಗಳಿದೆ. ಬೆನ್ನಿಗೆ ಚೀಲ ಹಾಕಿ ನಿಧಾನ ನಡೆಯೂದು ಕಲಿತು ಬಾ. ಇಲ್ಲಾಂದ್ರೆ ಕೊಲ್ಹಾಪುರ ಮುಟ್ಟೂಕೂ ಆಗೂದಿಲ್ಲ.'

ಕಲಿಯಲು ದಾರಿ ಬೇಕಲ್ಲ. ದಂಡೆಯಲ್ಲಿ ನಡೆಯೋಣವೆಂದರೆ, ನಾವು ಚಿಕ್ಕವರಿದ್ದಾಗ ಓಡಾಡಿದ ದಂಡೆ ನೌಕಾನೆಲೆಯ ಗೋಡೆಯ ಆಚೆ ಸೇರಿತ್ತು. ಗುಡ್ಡದ ಕಾಲುದಾರಿಯನ್ನು ಜಲ್ಲಿ ಕಡಿಯುವವರು ಅರ್ಧಕ್ಕೇ ತಿಂದುಬಿಟ್ಟಿದ್ದರು. ಹೆದ್ದಾರಿಯ ಮೇಲೆ ಅದಿರಿನ ಲಾರಿಗಳು. ಉಳಿದದ್ದು ಊರೊಳಗಿನ ಓಣಿಗಳು. ಅಲ್ಲಿ ಹೆಜ್ಜೆ ಹೆಜ್ಜೆಗೂ ಇವಳ ಗಿರಾಕಿಗಳು. 'ಸುಗಂಧಾಬಾಯಿ, ಶೆಟ್ಲಿ ಉಂಟಾ?' 'ಚೀಲದಲ್ಲಿ ಎಂತ ಮೀನು, ತೋರಿಸು ಕಾಂಬ.' ಮೀನಲ್ಲ, ಸೀರೆ ಮತ್ತೆ ಅವಲಕ್ಕಿ ಎಂದರೆ ಯಾರೂ ನಂಬಲಿಲ್ಲ. ಒಳ್ಳೇ ಮೀನು ಬೇರೆಯವರಿಗೆ ಬಚ್ಚಿಟ್ಟಿದ್ದಾಳೆ ಎಂದು ಒಬ್ಬಳು ಸಿಟ್ಟಾದಳು. ಬೆಕ್ಕುಗಳು ಕೂಡ ನಂಬಲಿಲ್ಲ, ಸಾಲಾಗಿ ಹಿಂದೆ ಬಂದವು. ಇವಳಿಗೆ ಸಿಕ್ಕಿದ ದಿಂಡಿ ಅದೇ ಎಂದು ನಾನು ನಕ್ಕೆ. ಅವಳು ನಗಲಿಲ್ಲ.

ಕೊನೆಗೆ ಕದ್ರಾ ಬಸ್ಸು ಹತ್ತಿದೆವು. ಅಣೆಕಟ್ಟಿನ ಈಚೆ ಇಳಿದು, ಹೊಳೆ ಬದಿಯ ರಸ್ತೆ ಹಿಡಿದೆವು. ಅಲ್ಲಿ ಇವಳ ಮುಖ ಯಾರಿಗೂ ಗೊತ್ತಿಲ್ಲ, ನೆರಳೂ ಇದೆ. ಆದರೆ ಕಾಲು ಅದೇ ಹಳೇ ಕಾಲು. ನಾನು ಅವಳ ಸೆರಗು ಹಿಡಿದು ಹಿಂದಕ್ಕೆ ಜಗ್ಗಿದೆ. ಹಾರುವ ಕರು ಹಿಡಿದ ಹಾಗೆ ನನ್ನನ್ನೇ ಎಳೆದುಕೊಂಡು ಹೋದಳು. ಭಜನೆ ಹೇಳುತ್ತ ನಡಿ ಎಂದರೆ ಭಜನೆಯೂ ಓಡಿತು. ಕೊನೆಗೆ ಒಂದು ಮೋರಿಯ ಮೇಲೆ ಕೂತು, 'ಅಕ್ಕಾ, ನನ್ ಕಾಲು ನನ್ ಮಾತೇ ಕೇಳೂದಿಲ್ಲ, ನಾ ಎಂತ ಮಾಡ್ಲಿ' ಎಂದು ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಉಪಾಯ ಹೊಳೆದದ್ದು ಮನೆಯಲ್ಲಿ. ರಾಮಾನನ್ನು ದಿನಾ ನಡೆಸಿ ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು. ಇವನು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಒಂದು ಸಂಜೆ ಸುಗಂಧಾ ಚೀಲ ಬೆನ್ನಿಗೇರಿಸಿ ಅವನ ಎದುರು ನಿಂತಳು. 'ಏಳಿ. ನಂಗೆ ನಿಧಾನ ಬರೂದಿಲ್ಲ. ನೀವು ಕಲಿಸಿ.'

ರಾಮಾ ಎದ್ದ. ಅವಳ ಹೆಗಲಿಗೆ ಕೈಹಾಕಿ, ಎಡಗಾಲು ಎಳೆಯುತ್ತ ಅಂಗಳದ ತುದಿಗೆ ಬಂದ. ಅವನ ಕೈ ಹೆಗಲ ಮೇಲಿದ್ದರೆ ಅವಳು ಓಡುವಂತಿಲ್ಲವಲ್ಲ. ಮಾರನೆಯ ದಿನ ಬಾವಿಯವರೆಗೆ, ಆಮೇಲೆ ಹಲಸಿನ ಮರದವರೆಗೆ. ಮೇ ಮುಗಿಯುವ ಹೊತ್ತಿಗೆ ಓಣಿಯ ಬಾಯಿಯ ಅಂಗಡಿಯವರೆಗೆ. 'ಮೆಲ್ಲಗೆ, ಮೆಲ್ಲಗೆ' ಎಂದು ಗದರುತ್ತಿದ್ದ, ಮಾಸ್ತರನ ಠೀವಿಯಲ್ಲಿ. ನನ್ನ ತಮ್ಮನ ಮುಖದಲ್ಲಿ ಅಷ್ಟು ಬೆಳಕು ನೋಡಿ ಎಷ್ಟು ಕಾಲವಾಗಿತ್ತು. ಸುಗಂಧಾ ಕಲಿತಳು. ಬುವಾ ಇನ್ನೊಂದು ಸಲ ಪರೀಕ್ಷೆ ಮಾಡಿದಾಗ ಬಾವುಟದ ಹಿಂದೆ ಸಂಜೆಯವರೆಗೂ ನಡೆದು ತೋರಿಸಿದಳು. ಮನೆಯಲ್ಲಿ ನಾನು ಕೊಟ್ಟೆಕಡಬು ಮಾಡಿದೆ.

ರಾಮಾನ ಕಲಸಿಹೋದ ತಲೆಯೊಳಗೆ ಏನು ಬೇಯುತ್ತಿದೆ ಎಂದು ಮಾತ್ರ ನಮಗಿಬ್ಬರಿಗೂ ಹೊಳೆಯಲಿಲ್ಲ.

ದಿಂಡಿ ಹಿಂದಿನ ದಿನ ಅವರ್ಸಾದಲ್ಲಿ ತಂಗಿ, ಬೆಳಿಗ್ಗೆ ನಮ್ಮ ಓಣಿಯ ಬಾಯಿಗೆ ಬಂತು. ಜಿಟಿಜಿಟಿ ಮಳೆ. ಸುಗಂಧಾ ಗಂಡನ ಕಾಲು ಮುಟ್ಟಿ, ಚೀಲ ಏರಿಸಿ, ಸಾಲಿನ ಬಾಲಕ್ಕೆ ಸೇರಿದಳು. ನಾನು ಕಣ್ಣೊರೆಸಿಕೊಳ್ಳುತ್ತ ತಿರುಗುತ್ತೇನೆ, ರಾಮಾ ಹೆದ್ದಾರಿಯ ಮೇಲಿದ್ದಾನೆ. ಪಂಚೆಯ ಗಂಟು ಒಂದನ್ನು ಬೆನ್ನಿಗೆ ಕಟ್ಟಿಕೊಂಡಿದ್ದಾನೆ. ಎಡಗಾಲು ಎಳೆಯುತ್ತ ದಿಂಡಿಯ ಹಿಂದೆ ಹೊರಟಿದ್ದಾನೆ.

ಓಡಿ ಹೋಗಿ ಹಿಡಿದೆ. ಬಲಗೈಯಲ್ಲಿ ನನ್ನನ್ನು ನೂಕಿದ.

'ಹರಕೆ ನಂದು. ನಾ ನಡೆಯೂಕೆ ಕಲ್ತೆ. ನಾನೇ ಹೋಗ್ತೆ.'

ಲಾರಿಯೊಂದು ಹಾರ್ನ್ ಹೊಡೆಯುತ್ತ ಪಕ್ಕದಲ್ಲೇ ಹೋಯಿತು. ಅವನು ಬಿದ್ದ. ಕೆಸರಿನಲ್ಲಿ ಬಿದ್ದಲ್ಲಿಂದಲೇ ಮುಂದೆ ತೆವಳಿದ. ಸುಗಂಧಾ ತಿರುಗಿ ನೋಡಿದಳು.

'ನೀ ಹೋಗೇ, ನಾ ನೋಡ್ಕೊಳ್ತೆ' ಎಂದು ಕೂಗಿದೆ. ಸುಳ್ಳು. ನನ್ನ ಕೈಯಲ್ಲಿ ಅವನು ನಿಲ್ಲುತ್ತಿರಲಿಲ್ಲ. ಇವಳು ಹೋದಷ್ಟೂ ಅವನು ಆ ಲಾರಿಗಳ ನಡುವೆ ಹಿಂದೆ ಹೋಗುವವನೇ. ಅದು ಅವಳಿಗೂ ಗೊತ್ತಾಯಿತು. ಬುವಾ ಒಂದು ಗಳಿಗೆ ನಿಂತರು, ಕೈಮುಗಿದರು, ನಡೆದರು. ದಿಂಡಿ ಒಬ್ಬರಿಗಾಗಿ ಕಾಯುವಂತಿಲ್ಲ. ಬಾವುಟ ತಿರುವಿನಲ್ಲಿ ಮರೆಯಾಯಿತು. ಅವಳು ಮನಸ್ಸು ಮಾಡಿದ್ದರೆ ದಿಂಡಿ ಹಿಡಿಯುವುದು ಎಷ್ಟರ ಮಾತು? ನಮ್ಮೂರಲ್ಲಿ ಅವಳನ್ನು ಮೀರಿಸಿ ಓಡುವವರು ಯಾರಿದ್ದಾರೆ? ಆದರೆ ಅವಳು ತಿರುಗಿ ಬಂದು ಗಂಡನನ್ನು ಎತ್ತಿ ನಿಲ್ಲಿಸಿ, ಅವನ ಕೈಯನ್ನು ತನ್ನ ಹೆಗಲಿಗೆ ಹಾಕಿಕೊಂಡಳು.

'ಹೊರಡೂದಾ?' ಎಂದ ಅವನು.

'ಹೊರಡೂದು.'

ಅಂದು ಅಂಗಡಿಯವರೆಗೆ ಹೋಗಿ ಬಂದರು. ಮಾರನೆಯ ದಿನವೂ, ಅದರ ಮಾರನೆಯ ದಿನವೂ. ಅವನ ಲೆಕ್ಕದಲ್ಲಿ ಅದು ಪಂಢರಪುರದ ದಾರಿ. ರಾತ್ರಿ ಮಲಗುವ ಮನೆ ಆ ದಿನದ ತಂಗುದಾಣ. ಹೀಗೆ ಸುಳ್ಳು ಹೇಳಬೇಡ, ದೇವರ ಹೆಸರಿನಲ್ಲಿ ಆಟವೇ ಎಂದು ನಾನು ಅಡುಗೆಮನೆಯಲ್ಲಿ ಅವಳ ಮೇಲೆ ಹರಿಹಾಯ್ದೆ. ಕೈಲಾಗದವಳು ಮೈ ಪರಚಿಕೊಂಡ ಹಾಗೆ. 'ನಿಜ ನೀವೇ ಹೇಳಿ ಅಕ್ಕಾ' ಎಂದಳು. ನಾನು ಹೇಳಲಿಲ್ಲ.

ಆಷಾಢ ಏಕಾದಶಿಯ ದಿನ ಮಳೆ ಬಿಟ್ಟಿತ್ತು. ಇಬ್ಬರೂ ಚೀಲ ಕಟ್ಟಿಕೊಂಡು ಹೊರಟರು, ನಾನು ಕೊಡೆ ಹಿಡಿದು ಹಿಂದೆ. ಅಷ್ಟು ಹೊತ್ತಿಗೆ ದಿಂಡಿಯವರು ಪಂಢರಪುರ ಮುಟ್ಟಿ ಚಂದ್ರಭಾಗಾ ಹೊಳೆಯಲ್ಲಿ ಮಿಂದಿರಬೇಕು. ಹಲಸಿನ ಮರದ ಹತ್ತಿರ ರಾಮಾ ನಿಂತ. ಅಂಗಡಿಯ ಕಡೆ ನೋಡಿದ. ಬೆವರುತ್ತಿದ್ದ. ಹೆಗಲಿನ ಮೇಲಿನ ಕೈಯಿಂದ ಹೆಂಡತಿಯನ್ನು ಮೆಲ್ಲಗೆ ಮುಂದಕ್ಕೆ ನೂಕಿ, ಬೇಸರದಿಂದ ಅಂದ:

'ನೀ ಭಾರೀ ನಿಧಾನವೇ ಸುಗಂಧಾ. ಹೀಂಗೆ ನಡೆದ್ರೆ ನಾವು ಯಾವಾಗ ಮುಟ್ಟೂದು?'